ಕೊಂಡ ಮನೆಗೆ ಯಾವ ಫರಸಿ, ಯಾವ ಬಣ್ಣ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. ಬೇರೆಯವರು ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಮಾತ್ರ ಹೇಳಲಿಲ್ಲ. ಅವರ ಕಾಲದಲ್ಲಿ ಮನೆ ಮಾರುವವರೂ ಕಡಿಮೆ, ಕೊಳ್ಳುವವರೂ ಕಡಿಮೆ. ಈಗ ಹಾಗಲ್ಲ. ನಮ್ಮ ಸಣ್ಣ ಊರುಗಳಲ್ಲೂ ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋಗಿಬಿಟ್ಟ ಮನೆಗಳು ಮಾರಾಟಕ್ಕೆ ಬರುತ್ತವೆ. ಬಾಡಿಗೆ ಕಟ್ಟಿ ಸಾಕಾದವರು ಕೂಡಿಟ್ಟ ದುಡ್ಡಿನಲ್ಲಿ ಅಂಥ ಮನೆ ಹಿಡಿಯುತ್ತಾರೆ. ಆಮೇಲೆ ಶುರುವಾಗುತ್ತದೆ ನೋಡಿ, ನಿಜವಾದ ಪರೀಕ್ಷೆ.

ನನ್ನ ತಂಗಿಯದೂ ಇದೇ ಕಥೆ. ನಿಪ್ಪಾಣಿ ತಾಲೂಕಿನ ಕೊಗನೊಳ್ಳಿಯಲ್ಲಿ ಅವಳು, ಅವಳ ಯಜಮಾನರು ಸೇರಿ ಒಂದು ಹಳೆಯ ಮನೆ ಕೊಂಡರು. ಕೊಗನೊಳ್ಳಿ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಟೋಲ್ ನಾಕೆ ಇರುವ ಊರು. ಇನ್ನಷ್ಟು ಮುಂದೆ ದೂಧಗಂಗೆಯ ಸೇತುವೆ ದಾಟಿದರೆ ಮಹಾರಾಷ್ಟ್ರದ ಕಾಗಲ. ಮನೆಗೆ ಕರಿಕಲ್ಲಿನ ಪಾಯ, ಮಣ್ಣಿನಲ್ಲಿ ಕಟ್ಟಿದ ದಪ್ಪ ಗೋಡೆ, ಮೇಲೆ ತೊಲೆ-ಜಂತಿ, ಮಂಗಳೂರು ಹಂಚು. ಪಡಸಾಲೆಗೆ ಶಹಾಬಾದ ಫರಸಿ. ಹಿತ್ತಲಲ್ಲಿ ಯಾವಾಗಲೋ ಅವಸರದಲ್ಲಿ ಕಟ್ಟಿದ ಬಚ್ಚಲು, ಅದರ ಮೇಲೆ ಸಿಮೆಂಟ್ ತಗಡು.

ಮನೆ ಕೊಂಡು ಮಿಕ್ಕಿದ್ದು ಮೂರು ಲಕ್ಷ ರೂಪಾಯಿ. ಅದರಲ್ಲಿ ಒಂದು ಲಕ್ಷ ಅವಳ ಐದು ವರ್ಷದ ಭಿಶಿ ದುಡ್ಡು. ಸಾಲದೆ ಬಂದರೆ ಕೈಯ ನಾಲ್ಕು ಬಳೆ ಬ್ಯಾಂಕಿನಲ್ಲಿ ಒತ್ತೆ ಇಡುವುದು ಎಂದು ಗಂಡ-ಹೆಂಡತಿ ಮಾತಾಡಿಕೊಂಡಿದ್ದರು.

"ಅಕ್ಕಾ, ಫರಸಿ ಯಾವುದು ಹಾಕೂಣು ನೀನ ಬಂದು ಹೇಳ. ಇವರು ಕೊಲ್ಲಾಪುರದಾಗ ಒಂದು ಅಂಗಡಿ ನೋಡಿ ಬಂದಾರ, ಕನ್ನಡಿ ಹಂಗ ಹೊಳಿತೈತಿ ಅಂತಾರ" ಎಂದು ಫೋನು ಮಾಡಿದಳು. ಚಿಕ್ಕೋಡಿಯಿಂದ ಬಸ್ಸು ಹತ್ತಿ ಹೋದೆ.

ಕನ್ನಡಿಯಂಥ ನೆಲದ ಬೆಲೆ

ಫರಸಿಯ ಮಾತಿಗೆ ಮುನ್ನ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ನಮ್ಮ ಮನೆಯ ಬಚ್ಚಲಿಗೆ ನಾನೇ ಆರಿಸಿ ಹೊಳೆಯುವ ಬಿಳಿ ಟೈಲ್ಸ್ ಹಾಕಿಸಿದ್ದೆ. ನೆಂಟರೆಲ್ಲ ಹೊಗಳಿದರು. ಶ್ರಾವಣದ ಒಂದು ಸೋಮವಾರ ನಸುಕಿನಲ್ಲಿ ನಮ್ಮ ಅತ್ತೆಯವರು ತಲೆಗೆ ನೀರು ಹಾಕಿಕೊಂಡು ಏಳುವಾಗ ಜಾರಿದರು. ಸೊಂಟದ ಕೀಲು ಮುರಿಯಿತು. ಶಸ್ತ್ರಕ್ರಿಯೆಯಾಯಿತು, ಏಳು ತಿಂಗಳು ಹಾಸಿಗೆ ಹಿಡಿದರು. ಒಮ್ಮೆಯೂ ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ. ಅಂಗಡಿಯವನದು ತಪ್ಪಲ್ಲ. ಅದು ಗೋಡೆಗೆ ಹಚ್ಚುವ ಟೈಲ್ಸ್ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ನಾನು ಓದಿರಲಿಲ್ಲ, ಅಷ್ಟೆ.

ತಂಗಿಯ ಅತ್ತೆಗೆ ಈಗ ಎಪ್ಪತ್ತೆರಡು. ಅವರು ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತ, "ಬಾರವ್ವಾ, ನಮ್ಮ ಮಗಾ ಅರಮನಿ ಮಾಡಾಂವ ಅದಾನ" ಎಂದು ನಕ್ಕರು. ಅವರ ಪಾದಗಳನ್ನು ನೋಡಿದೆ. ಒಡೆದ ಹಿಮ್ಮಡಿ, ಬರಿಗಾಲು. ಈ ಮನೆಯ ಫರಸಿ ಆ ಪಾದಗಳಿಗೆ ಒಪ್ಪಬೇಕು ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿದೆ.

ಮೊದಲು ನೀರಿನ ದಾರಿ ನೋಡಿ

ಕೊಂಡ ಮನೆಯಲ್ಲಿ ಮೊದಲ ಖರ್ಚು ಚೆಂದಕ್ಕಲ್ಲ, ನೀರಿಗೆ. ಮೇಲಿನಿಂದ ಸೋರುವ ನೀರು, ಕೆಳಗಿನಿಂದ ಏರುವ ತೇವ, ಬಚ್ಚಲಿನಿಂದ ಗೋಡೆಗೆ ಇಳಿಯುವ ನೀರು, ಈ ಮೂರನ್ನೂ ನಿಲ್ಲಿಸದೆ ಹಚ್ಚಿದ ಬಣ್ಣ ಒಂದೇ ಮಳೆಗಾಲಕ್ಕೆ ಉದುರುತ್ತದೆ.

ತಂಗಿಯ ಮನೆಯಲ್ಲಿ ಅಡಿಗೆಮನೆಯ ಗೋಡೆಗೆ ಮೊಣಕಾಲೆತ್ತರದವರೆಗೆ ಮಾತ್ರ ಹೊಸ ಬಣ್ಣವಿತ್ತು. ಮಾರುವವರು ಅಲ್ಲಿಗೆ ಮಾತ್ರ ಏಕೆ ಬಣ್ಣ ಬಳಿದರು? ಬೆರಳಿನಿಂದ ಕೆರೆದರೆ ಒಳಗೆ ಬಿಳಿ ಉಪ್ಪಿನ ಪುಡಿ. ತೇವ ಏರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ನೀವೂ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೋ ನೆಲಕ್ಕೋ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ತೇವ ಒಳಗಿನಿಂದ ಬರುತ್ತಿದೆ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯದು, ಕಿಟಕಿ ತೆರೆದರೆ ಹೋದೀತು.

ಇಂಥ ಮಣ್ಣಿನ ಗೋಡೆಗೆ ದಪ್ಪನೆಯ ಸಿಮೆಂಟ್ ಗಿಲಾವು ಮಾಡಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಳೆಯ ಗೋಡೆ ಉಸಿರಾಡುತ್ತದೆ. ಒಳಗಿನ ತೇವ ಮೆಲ್ಲಗೆ ಹೊರಗೆ ಆರಬೇಕು. ಸಿಮೆಂಟು ಆ ದಾರಿಯನ್ನು ಮುಚ್ಚಿಬಿಡುತ್ತದೆ, ತೇವ ಇನ್ನೂ ಮೇಲಕ್ಕೆ ಏರುತ್ತದೆ, ಕೊನೆಗೆ ಗಿಲಾವು ಹಪ್ಪಳದಂತೆ ಎದ್ದು ಬೀಳುತ್ತದೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆ, ಮೇಲೆ ಸುಣ್ಣದ ಬಣ್ಣವೇ ಹಿತ. ನಮ್ಮ ಅಜ್ಜಿಯಂದಿರು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದುದು ಬಡತನದಿಂದಲ್ಲ, ತಿಳಿವಳಿಕೆಯಿಂದ.

ನಮ್ಮ ಕಡೆಯ ಕಪ್ಪು ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ಕೂತ ಮನೆಗೆ ಬಿರುಕು ಬರುವುದುಂಟು. ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ತಿಳಿಯಬೇಕೆ? ಅದರ ಮೇಲೆ ಅಡ್ಡವಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಕೆಲವು ತಿಂಗಳಲ್ಲಿ ಕಾಗದ ಹರಿದರೆ ಪಾಯ ಬಲ್ಲವರಿಗೆ ತೋರಿಸದೆ ಒಂದು ಪೈಸೆಯನ್ನೂ ಮೇಲ್ಮೈಗೆ ಹಾಕಬೇಡಿ.

ಹೊಳೆಯ ಮಾತನ್ನೂ ಕೇಳಿಕೊಳ್ಳಿ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ವೇದಗಂಗೆ, ದೂಧಗಂಗೆ ಉಕ್ಕಿದವು. 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೇ ನೀರು ನಿಂತು ಸಂಚಾರ ನಿಂತಿತ್ತು. "ಆಗ ನಿಮ್ಮ ಓಣಿಗೆ ನೀರು ಎಲ್ಲಿತನಕ ಬಂದಿತ್ತು?" ಎಂದು ನೆರೆಮನೆಯವರನ್ನು ಕೇಳಿ. ನೀರು ಮುಟ್ಟಿದ ಓಣಿಯಾದರೆ ಕೆಳಗಿನ ಕಪಾಟು ಪ್ಲೈವುಡ್ಡಿನದು ಬೇಡ, ಕಲ್ಲಿನ ಹಲಗೆಯೇ ಇರಲಿ. ಕರೆಂಟಿನ ಬಟನ್ನುಗಳೂ ಮೇಲೆ ಇರಲಿ.

ಇರುವುದನ್ನು ಒಡೆಯುವ ಮುನ್ನ

ತಂಗಿಯ ಯಜಮಾನರು ಪಡಸಾಲೆಯ ಶಹಾಬಾದ ಫರಸಿಯನ್ನು ಕಿತ್ತು ಹಾಕಿಸುವ ಯೋಚನೆಯಲ್ಲಿದ್ದರು. "ಅಕ್ಕಾರ, ಇದು ಭಾಳ ಹಳೇ ಕಾಲದ್ದು ಕಾಣತೈತ್ರಿ" ಎಂದರು. ನಾನು ಒಂದು ಮೂಲೆಯನ್ನು ಸೋಪಿನ ನೀರಿನಿಂದ ಉಜ್ಜಿ ತೋರಿಸಿದೆ. ಒಳಗಿನಿಂದ ತಿಳಿ ಬೂದು ಬಣ್ಣದ ನುಣುಪು ಕಲ್ಲು ಹೊರಬಂತು. ಕಲಬುರಗಿ ಜಿಲ್ಲೆಯ ಶಹಾಬಾದದ ಈ ಕಲ್ಲು ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಕಾಲಿಗೆ ಹಿಡಿತ. ಅಲುಗಾಡುವ ನಾಲ್ಕಾರು ಹಾಸನ್ನು ಎತ್ತಿ ಕೂರಿಸಿ, ಸಂದು ತುಂಬಿ, ಯಂತ್ರದಿಂದ ಉಜ್ಜಿಸಿದರೆ ಸಾಕು. ಹೊಸದು ಹಾಕಿಸುವ ಖರ್ಚಿನ ಒಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ.

ಹಳೆಯ ನೆಲದ ಮೇಲೆಯೇ ಟೈಲ್ಸ್ ಹಾಕುವವರೂ ಇದ್ದಾರೆ. ಆಗ ನೆಲ ಎತ್ತರವಾಗುತ್ತದೆ. ಬಾಗಿಲುಗಳ ಕೆಳಗೆ ಕೊಯ್ಯಬೇಕು, ಹೊಸ್ತಿಲು ಗಿಡ್ಡಾಗುತ್ತದೆ, ಅಂಗಳದ ನೀರು ಒಳಗೆ ನೋಡುತ್ತದೆ. ಮೊದಲು ಅಳೆದು ನೋಡಿ.

ಹಂಚಿನ ಮಾತೂ ಹಾಗೆಯೇ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆ ಹಾಕಿದಂದಿನಿಂದ ಆ ಹಂಚು ನಾಡೆಲ್ಲ ಹರಡಿತು. ಒಡೆದವನ್ನಷ್ಟೇ ಬದಲಿಸಿದರೆ ಮಾಡು ಇನ್ನೊಂದು ತಲೆಮಾರು ಬರುತ್ತದೆ. ಆದರೆ ಒಬ್ಬೊಬ್ಬ ತಯಾರಕರ ಹಂಚಿನ ಕಚ್ಚು ಒಂದೊಂದು ಥರ. ತರಲು ಹೋಗುವಾಗ ನಿಮ್ಮ ಮಾಡಿನ ಒಂದು ಹಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಹೊಂದಿಸಿ ನೋಡಿ.

ಬಚ್ಚಲಿನ ಮೇಲಿನ ಸಿಮೆಂಟ್ ತಗಡಿನ ಬಗ್ಗೆ ಎಚ್ಚರ. ಹಳೆಯ ತಗಡುಗಳಲ್ಲಿ ಕಲ್ನಾರು ಇರುತ್ತದೆ. ಇದ್ದಲ್ಲಿ ಇದ್ದರೆ ಅಷ್ಟು ತೊಂದರೆಯಿಲ್ಲ. ಸುತ್ತಿಗೆಯಿಂದ ಒಡೆದರೆ, ಕೊರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ತೊಯ್ಯಿಸಿ, ಇಡಿಯಾಗಿಯೇ ಇಳಿಸಲು ಹೇಳಿ. ಮಕ್ಕಳು ಆ ದಿನ ಬೇರೆಡೆ ಇರಲಿ.

ನಿಂಬೆಹಣ್ಣು, ಸೋಪಿನ ನೀರು, ಒಂದು ನಾಣ್ಯ

ಅಂಗಡಿಯಲ್ಲಿ ದೀಪದ ಕೆಳಗೆ ಎಲ್ಲವೂ ಚೆಂದವೇ. ಅದಕ್ಕೆ ಮಾದರಿಯ ತುಂಡನ್ನು ಮನೆಗೆ ತರಬೇಕು. ನಾವು ಅಕ್ಕ-ತಂಗಿ ನಿಪ್ಪಾಣಿಯಲ್ಲಿ ಕೇಳಿ ಐದಾರು ತುಂಡು ತಂದು ಹಿತ್ತಲಲ್ಲಿ ಹರಡಿದೆವು.

ಅಡಿಗೆ ಕಟ್ಟೆಗೆ ಕಪ್ಪು ಕಡಪಾ ಕಲ್ಲೋ ಗ್ರಾನೈಟೋ ಎಂಬ ಪ್ರಶ್ನೆ. ಎರಡರ ಮೇಲೂ ಹೋಳು ಮಾಡಿದ ನಿಂಬೆಹಣ್ಣನ್ನು ಬೋರಲಿಟ್ಟು ಹತ್ತು ನಿಮಿಷ ಬಿಟ್ಟೆವು. ಕಡಪಾದ ಮೇಲೆ ಬಿಳಿಯ ಉಂಗುರ ಮೂಡಿತು, ಗ್ರಾನೈಟಿನ ಮೇಲೆ ಏನೂ ಇಲ್ಲ. ಕಡಪಾ, ಶಹಾಬಾದ, ರಾಜಸ್ಥಾನದ ಕೋಟಾ ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಅಮೃತಶಿಲೆಯೂ ಅದೇ ಜಾತಿ. ಹುಳಿ ತಾಗಿದರೆ ಕಲೆಯಾಗುತ್ತವೆ. ಆದ್ದರಿಂದ ಇವುಗಳನ್ನು ಆಸಿಡ್ ಹಾಕಿ ತೊಳೆಯಲೇಬಾರದು. ಗ್ರಾನೈಟ್ ಹುಳಿಗೆ ಹೆದರುವುದಿಲ್ಲ. ಅದಕ್ಕೇನು ದೂರ ಹೋಗಬೇಕಿಲ್ಲ, ಬಾಗಲಕೋಟೆ ಜಿಲ್ಲೆಯ ಇಳಕಲ್ಲು ಸೀರೆಗೆ ಹೇಗೋ ಕೆಂಪು ಗ್ರಾನೈಟಿಗೂ ಹಾಗೆಯೇ ಹೆಸರುವಾಸಿ. ದುಡ್ಡು ಬಿಗಿಯಾಗಿದ್ದರೆ ಕಟ್ಟೆಯ ಮೇಲೆ ಮಾತ್ರ ಗ್ರಾನೈಟ್, ಕೆಳಗಿನ ಅರೆಗಳಿಗೆಲ್ಲ ಕಡಪಾ. ತಂಗಿ ಮಾಡಿದ್ದು ಹಾಗೆಯೇ.

ಕಟ್ಟೆಯ ಎತ್ತರವನ್ನು ಗೌಂಡಿಯ ಲೆಕ್ಕಕ್ಕೆ ಬಿಡಬೇಡಿ. ನೇರ ನಿಂತು ಮೊಣಕೈ ಮಡಿಸಿ, ಅದಕ್ಕಿಂತ ನಾಲ್ಕೈದು ಅಂಗುಲ ಕೆಳಗೆ ಗೆರೆ ಹಾಕಿ. ಅದೇ ನಿಮ್ಮ ಕಟ್ಟೆ. ಭಕ್ರಿ ತಟ್ಟಲು ಕೂತೇ ಅಭ್ಯಾಸವಿರುವ ಮನೆಯಲ್ಲಿ ಒಲೆಯ ಪಕ್ಕ ಒಂದು ತಗ್ಗಿನ ಕಲ್ಲು ಇಡಿಸಿ. ತಂಗಿಯ ಅತ್ತೆಗೆ ಅದೇ ಬೇಕಾಗಿತ್ತು, ಕೇಳಲು ಸಂಕೋಚ.

ಬಚ್ಚಲಿನ ಟೈಲ್ಸ್ ಮೇಲೆ ಸೋಪಿನ ನೀರು ಹಾಕಿ ಬರಿಗಾಲಲ್ಲಿ ನಿಂತು ನೋಡಬೇಕು, ಗೋಡೆ ಹಿಡಿದುಕೊಂಡೇ. ಜಾರದ ಗುಣವನ್ನು ಆರ್-9ರಿಂದ ಆರ್-13ರವರೆಗೆ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಏರಿದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ ಆರ್-10 ಅಥವಾ ಆರ್-11 ಕೇಳಿ. ತೀರಾ ಒರಟಾದರೆ ಕೊಳೆ ಕೂರುತ್ತದೆ, ತಿಕ್ಕಿ ತಿಕ್ಕಿ ನಮ್ಮ ಕೈ ಸೋಲುತ್ತದೆ. ಸಣ್ಣ ಸಣ್ಣ ಬಿಲ್ಲೆಗಳಾದರೆ ಸಂದುಗಳು ಹೆಚ್ಚು, ಕಾಲಿಗೆ ಹಿಡಿತವೂ ಹೆಚ್ಚು. ಬಚ್ಚಲಿನ ನೆಲಕ್ಕೆ ಅಡಿಗೆ ಒಂದು ಸೂತದಷ್ಟಾದರೂ ಇಳಿಜಾರು ಬೇಕು. ಟೈಲ್ಸ್ ಹಚ್ಚುವ ಮುನ್ನವೇ ಒಂದು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ.

ವಿಟ್ರಿಫೈಡ್ ಎಂಬ ಟೈಲ್ಸ್ ನೀರು ಕುಡಿಯುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಅದರಿಂದ ಕಲೆಯೂ ಇಳಿಯುವುದಿಲ್ಲ. ಆದರೆ ಅದೇ ಕಾರಣಕ್ಕೆ ಬರೀ ಸಿಮೆಂಟು ಅದನ್ನು ಗಟ್ಟಿಯಾಗಿ ಹಿಡಿಯುವುದೂ ಇಲ್ಲ. ಅದಕ್ಕೆಂದೇ ಬರುವ ಅಂಟುಪುಡಿಯಲ್ಲಿ ಕೂರಿಸಬೇಕು. ಕೆಲಸ ಮುಗಿದ ಮೇಲೆ ಒಂದು ನಾಣ್ಯದಿಂದ ಪ್ರತಿ ಟೈಲ್ಸಿನ ನಾಲ್ಕೂ ಮೂಲೆ ತಟ್ಟಿ. ಟೊಳ್ಳು ಸದ್ದು ಬಂದಲ್ಲಿ ಗುರುತು ಹಾಕಿ, ಕೂಲಿ ಚುಕ್ತಾ ಮಾಡುವ ಮುನ್ನ ತೆಗೆಸಿ ಕೂರಿಸಿ. ಅಡಿಗೆಮನೆಯ ಸಂದುಗಳಿಗೆ ಬಿಳಿ ಬೇಡ. ಅರಿಷಿಣದ ಮನೆ ನಮ್ಮದು, ಬೂದು ಬಣ್ಣವೇ ಸರಿ.

ಎರಡಡಿ ಎಂದರೆ ಎರಡಡಿಯಲ್ಲ

ಈಗ ಸ್ವಲ್ಪ ಲೆಕ್ಕ. ಮಲಗುವ ಕೋಣೆ 10 ಅಡಿಗೆ 12 ಅಡಿ, ಅಂದರೆ 120 ಚದರಡಿ. ಟೈಲ್ಸ್ ಎರಡಡಿಗೆ ಎರಡಡಿ, ಅಂದರೆ ನಾಲ್ಕು ಚದರಡಿ. ಹಾಗಾದರೆ 30 ಸಾಕು ಎಂದು ತಂಗಿಯ ಯಜಮಾನರು ಚೀಟಿ ಬರೆದಿದ್ದರು. ಆದರೆ ಅಂಗಡಿಯ "ಎರಡಡಿ" ನಿಜಕ್ಕೂ 600 ಮಿಲಿಮೀಟರು, ಪೂರಾ ಎರಡಡಿಗೆ ಕಾಲಂಗುಲಕ್ಕಿಂತ ಹೆಚ್ಚೇ ಕಡಿಮೆ. ಹಾಗಾಗಿ 31 ಬೇಕು. ಮೂಲೆಗೆ ಕೊಯ್ಯುವುದು, ಒಡೆಯುವುದು ಎಂದು ಹತ್ತಕ್ಕೊಂದರಂತೆ ಹೆಚ್ಚು ಹಿಡಿದರೆ 35. ಪೆಟ್ಟಿಗೆಗೆ ನಾಲ್ಕರಂತೆ 9 ಪೆಟ್ಟಿಗೆ, 36 ಟೈಲ್ಸ್. ಮಿಕ್ಕಿದ್ದನ್ನು ಅಟ್ಟದ ಮೇಲೆ ಇಡಿ. ಐದು ವರ್ಷದ ಮೇಲೆ ಒಂದು ಒಡೆದರೆ ಅದೇ ಬಣ್ಣ ಪೇಟೆಯಲ್ಲಿ ಸಿಗುವುದಿಲ್ಲ. ಎಲ್ಲ ಪೆಟ್ಟಿಗೆಗಳ ಮೇಲಿನ ಬ್ಯಾಚ್ ನಂಬರು, ಶೇಡ್ ನಂಬರು ಒಂದೇ ಇವೆಯೇ ಎಂದು ಇಳಿಸಿಕೊಳ್ಳುವಾಗಲೇ ಓದಿ. ನನ್ನ ಹಾಗೆ ಓದದೆ ಇರಬೇಡಿ.

ಪಕ್ಕಾ ಬಿಲ್ಲು ತಗೊಳ್ಳಿ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರ ಬದಲು 18 ಆಗಿದೆ. ಹಳೆಯ ದರದ ಚೀಟಿ ಹಿಡಿದು ಲೆಕ್ಕ ಹಾಕಬೇಡಿ.

ಬಣ್ಣ ಮತ್ತು ಕಟ್ಟಿಗೆ

ಹಳೆಯ ಸಾಗವಾನಿ ಬಾಗಿಲುಗಳನ್ನು ದಯವಿಟ್ಟು ಗುಜರಿಗೆ ಕೊಡಬೇಡಿ. ಅಂಥ ಕಟ್ಟಿಗೆ ಇಂದು ಕೊಳ್ಳಲು ನಮ್ಮಂಥವರಿಗೆ ಆಗದು. ಆದರೆ ಅವುಗಳ ಮೇಲಿನ ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಸೀಸ ಸಣ್ಣ ಮಕ್ಕಳ ಮೆದುಳಿಗೆ ವಿಷ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಇರಕೂಡದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಉಜ್ಜಿಸಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಗುಡಿಸುವುದು ಬೇಡ. ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಮಾತು ಏನಿದೆ ನೋಡಿ.

ಹೊಸ ಗಿಲಾವು ಪೂರ್ತಿ ಆರುವ ಮೊದಲು ಬಣ್ಣಕ್ಕೆ ಆತುರಪಡಬೇಡಿ. ಒಂದು ತಿಂಗಳಾದರೂ ಬಿಡಿ. ಸಿಮೆಂಟಿನ ಕೆಲಸಕ್ಕೆ ಕನಿಷ್ಠ ಏಳು ದಿನ, ಬಿರುಬಿಸಿಲಾದರೆ ಹತ್ತು ದಿನ ನೀರು ಉಣಿಸಬೇಕು. ಗೌಂಡಿ ಸಂಜೆ ಮನೆಗೆ ಹೋಗುತ್ತಾನೆ, ನೀರು ಹೊಡೆಯುವ ಕೆಲಸ ನಮ್ಮದೇ.

ಅಡಿಗೆಮನೆಯ ಕಪಾಟಿಗೆ ಪ್ಲೈವುಡ್ ಕೊಳ್ಳುವುದಾದರೆ ಹಾಳೆಯ ಮೇಲಿನ ಮುದ್ರೆ ಓದಿ. ಐಎಸ್ 710 ಎಂದಿದ್ದರೆ ಮರೈನ್ ಪ್ಲೈ, ನೀರಿಗೆ ತಡೆಯುತ್ತದೆ. ಎಂಆರ್ ಎಂದಿದ್ದರೆ ಅದು ಒಣಕೋಣೆಗೆ ಮಾತ್ರ, ತೊಳೆಯುವ ತೊಟ್ಟಿಯ ಕೆಳಗೆ ಬೇಡವೇ ಬೇಡ.

ಬಳೆಗಳ ಕಥೆ

ಮೂರು ಲಕ್ಷದಲ್ಲಿ ಮೂವತ್ತು ಸಾವಿರವನ್ನು ಮೊದಲೇ ಬೇರೆ ಡಬ್ಬಿಗೆ ಹಾಕಿಸಿದೆ. ಹಳೆಯ ಮನೆ ಒಡೆದಾಗ ಏನು ಹೊರಡುತ್ತದೋ ಯಾರಿಗೆ ಗೊತ್ತು? ಹೊರಟಿತು ಕೂಡ. ಬಚ್ಚಲಿನ ಹಿಂದೆ ಒಂದು ಕೊಳವೆ ಒಡೆದು ವರ್ಷಗಟ್ಟಲೆ ನೀರು ಪಾಯಕ್ಕೆ ಇಳಿಯುತ್ತಿತ್ತು. ಅಡಿಗೆಮನೆಯ ಗೋಡೆಯ ತೇವಕ್ಕೆ ಅದೇ ಮೂಲ. ಆ ಡಬ್ಬಿಯ ದುಡ್ಡು ಅಲ್ಲಿಗೆ ಸರಿಹೋಯಿತು. ಕನ್ನಡಿಯಂಥ ಟೈಲ್ಸ್ ಮೊದಲೇ ಕೊಂಡಿದ್ದರೆ ಆ ಕೊಳವೆಗೆ ಬಳೆಗಳೇ ಹೋಗುತ್ತಿದ್ದವು.

ತಂಗಿಯ ಯಜಮಾನರಿಗೆ ಮಾತ್ರ ಮುಖ ಸಣ್ಣದಾಗಿತ್ತು. ಗಂಡಸರಿಗೂ ಆಸೆ ಇರುತ್ತದಲ್ಲವೇ? ಬಾಡಿಗೆ ಮನೆಯಲ್ಲಿ ಹದಿನಾಲ್ಕು ವರ್ಷ ಬೇರೆಯವರ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಿದವರು ಅವರು. "ನಿಮ್ಮ ಹೊಳಿಯೂ ಟೈಲ್ಸ್ ಒಲಿ ಹಿಂದಿನ ಗ್ವಾಡಿಗೆ ಹಚ್ಚೂಣ್ರಿ. ಎಣ್ಣಿ ಸಿಡಿದ್ರ ಒಂದ ಸಲ ಒರಿಸಿದ್ರ ಹೋಗತೈತಿ" ಎಂದೆ. ಗೋಡೆಯ ಮೇಲೆ ಯಾರು ಜಾರುತ್ತಾರೆ? ಅವರೇ ಕೊಲ್ಲಾಪುರಕ್ಕೆ ಹೋಗಿ ಆರಿಸಿ ತಂದರು. ಈಗ ಬಂದವರಿಗೆಲ್ಲ ಮೊದಲು ಅಡಿಗೆಮನೆಯನ್ನೇ ತೋರಿಸುತ್ತಾರೆ.

ಕೆಲಸ ಮುಗಿದ ದಿನ ಹೊಸ ಬಚ್ಚಲಿಗೆ ಎರಡು ಕೊಡ ನೀರು ಸುರಿದೆವು. ನೀರು ತಾನಾಗಿ ಮೋರಿಯ ಕಡೆ ನಡೆಯಿತು. ತಂಗಿಯ ಅತ್ತೆ ಸೆರಗು ಸಿಕ್ಕಿಸಿಕೊಂಡು ಒದ್ದೆ ನೆಲದ ಮೇಲೆ ಕಾಲಿಟ್ಟರು. ನನಗೆ ಜೀವ ಬಾಯಿಗೆ ಬಂತು, ಕೈ ಮುಂದೆ ಮಾಡಿದೆ. ಅವರು ಹಿಡಿಯಲಿಲ್ಲ. ಆ ಕಡೆಯ ಗೋಡೆಯವರೆಗೂ ನಡೆದು ತಿರುಗಿ ನಿಂತು, "ಹಿಡಿಯೂದು ಬ್ಯಾಡವ್ವಾ, ನೆಲಾನ ಹಿಡಕೊಂಡೈತಿ" ಎಂದರು.

ನನಗೆ ನಮ್ಮ ಅತ್ತೆಯವರ ನೆನಪಾಯಿತು. ಚಿಕ್ಕೋಡಿಗೆ ಮರಳಿದ ವಾರವೇ ನಮ್ಮ ಬಚ್ಚಲಿನ ಬಿಳಿ ಟೈಲ್ಸ್ ತೆಗೆಸಲು ಗೌಂಡಿಗೆ ಹೇಳಿ ಕಳಿಸಿದೆ. ಅದನ್ನು ಎಂಟು ವರ್ಷದ ಹಿಂದೆಯೇ ಮಾಡಬೇಕಿತ್ತು.